ಗಾಲಿಗೆ ಕೊಟ್ಟ ಕಲ್ಲು

ಅಕ್ಕನ ಮೊಮ್ಮಗಳು ಐಟಿಐ ಸೇರಿದ್ದಾಳೆ. ಟ್ರೇಡು ‘ಮೆಕ್ಯಾನಿಕ್ ಎಲೆಕ್ಟ್ರಿಕ್ ವೆಹಿಕಲ್’, ಎರಡು ವರ್ಷದ ಕೋರ್ಸು. ನಮ್ಮ ಮನೆತನದಲ್ಲಿ ಸ್ಪ್ಯಾನರ್ ಹಿಡಿದವನು ನಾನೊಬ್ಬನೇ ಆಗಿದ್ದೆ. ಈಗ ಒಬ್ಬ ಹುಡುಗಿ ಜೊತೆಯಾದಳು ಎಂಬ ಸಂತೋಷ ನನಗಿನ್ನೂ ಆರಿಲ್ಲ. ಮೊನ್ನೆ ತನ್ನ ವರ್ಕ್‌ಶಾಪಿನ ವಿಡಿಯೊ ಕಳಿಸಿದ್ದಳು. ಬೂದು ಬಣ್ಣದ ಹೊಳೆಯುವ ನೆಲ, ನಡೆದಾಡುವ ಜಾಗ ತೋರಿಸುವ ಹಳದಿ ಪಟ್ಟಿ, ಲಿಫ್ಟಿನ ಮೇಲೆ ಆಳೆತ್ತರದಲ್ಲಿ ನಿಂತ ಕಾರು, ಅದರ ಅಡಿಯಲ್ಲಿ ಇಲ್ಲಿ ಹೈ ವೋಲ್ಟೇಜ್ ಇದೆ ಎಂದು ಎಚ್ಚರಿಸುವ ಕಿತ್ತಳೆ ಬಣ್ಣದ ಕೇಬಲ್ಲುಗಳು. ಹುಡುಗರು ಹುಡುಗಿಯರು ಎಲ್ಲರ ಕಾಲಲ್ಲೂ ಗಟ್ಟಿ ಬೂಟು. ಕೊನೆಗೆ ಅವಳ ದನಿ: “ಅಜ್ಜಾ, ನಿಮ್ ಐಟಿಐದಾಗೂ ನೆಲ ಹಿಂಗ ಇತ್ತಾ?”

ಬೂಟುಗಳು ಕಂಡ ಕಡೆ ವಿಡಿಯೊ ನಿಲ್ಲಿಸಿ ಬಹಳ ಹೊತ್ತು ನೋಡಿದೆ. ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿದರು ಎಂದು ಕೆಲವು ವರ್ಷದ ಹಿಂದೆ ಪತ್ರಿಕೆಯಲ್ಲಿ ಓದಿದ್ದೆ. ಓದುವಾಗ ಅದು ಬರೀ ಅಂಕಿಯಾಗಿತ್ತು. ಈಗ ನಮ್ಮ ಮನೆಯ ಮಗು ಆ ನೆಲದ ಮೇಲೆ ನಿಂತಿದ್ದು ಕಂಡಾಗ, 1983ರಲ್ಲಿ ಇನ್ನೊಂದು ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದ ನನ್ನ ಜೊತೆಗಾರನೊಬ್ಬ ನೆನಪಾದ.

ನಮ್ಮ ಐಟಿಐ ಇದ್ದ ಊರು ಪುಣೆ–ಬೆಂಗಳೂರು ಹೆದ್ದಾರಿಯ ಅಂಚಿನಲ್ಲಿತ್ತು. ಈಗ 48 ಎನ್ನುವ ಆ ರಸ್ತೆಗೆ ಆಗ ನಾಲ್ಕನೇ ನಂಬರು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದ ಕಾಲ. ಹಗಲೂ ರಾತ್ರಿ ಲಾರಿ ಹೋಗುವ ರಸ್ತೆಯಾದ್ದರಿಂದ ಸುತ್ತಲ ಹಳ್ಳಿಯ ಅಪ್ಪಂದಿರಿಗೆ ಒಂದು ನಂಬಿಕೆ ಇತ್ತು: ಮಗ ಮೋಟಾರ್ ಮೆಕ್ಯಾನಿಕ್ ಕಲಿತರೆ ಅನ್ನಕ್ಕೆ ತೊಂದರೆಯಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನಾವೆಲ್ಲ ಆ ನಂಬಿಕೆಯ ಮೇಲೇ ಅಲ್ಲಿಗೆ ಬಂದವರು. ಮೊದಲ ತಿಂಗಳುಗಳು ಅರ ಹಿಡಿದು ಕಬ್ಬಿಣ ಉಜ್ಜುವುದರಲ್ಲೇ ಕಳೆದವು. ಒಂದು ತುಂಡು ಪಟ್ಟಿಯನ್ನು ವೈಸ್‌ಗೆ ಕಚ್ಚಿಸಿ, ಟ್ರೈ ಸ್ಕ್ವೇರ್ ಇಟ್ಟರೆ ಬೆಳಕು ಕಾಣಿಸದಷ್ಟು ಸಮ ಮಾಡಬೇಕು. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದು ಗಟ್ಟಿಯಾದ ಮೇಲೆ ಎಂಜಿನ್ನಿನ ಹತ್ತಿರ ಬಿಡುತ್ತಿದ್ದರು.

ಪಕ್ಕದ ಟರ್ನರ್ ಸೆಕ್ಷನ್ನಿನಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿದ್ದವು. ಅಲ್ಲಿನ ಹುಡುಗರಿಗೆ ಅದೊಂದು ಹೆಮ್ಮೆ. ನಮ್ಮ ಪಾಲಿಗೆ ಇದ್ದದ್ದು ಎರಡೇ ಆಸ್ತಿ. ಒಳಗಿನ ಭಾಗ ಕಾಣುವಂತೆ ಕತ್ತರಿಸಿ ಕೆಂಪು, ನೀಲಿ, ಹಳದಿ ಬಳಿದ ಟಾಟಾ ಲಾರಿಯ ಎಂಜಿನ್ ಒಂದು. ಯಾವುದೋ ಇಲಾಖೆಯಲ್ಲಿ ಓಡಿ ಓಡಿ ಕಂಡೆಮ್ ಆಗಿ ಬಂದ ಅಂಬಾಸಡರ್ ಕಾರು ಇನ್ನೊಂದು. ಲಾರಿ ಎಂಜಿನ್ ನೋಡುವುದಕ್ಕೆ, ಕಾರು ಬಿಚ್ಚುವುದಕ್ಕೆ. ನಮಗಿಂತ ಹಿಂದಿನ ಬ್ಯಾಚುಗಳು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಅದರ ಬೋಲ್ಟುಗಳ ತಲೆ ಉರುಟಾಗಿ ಹೋಗಿದ್ದವು. ಹ್ಯಾಂಡ್ ಬ್ರೇಕಿನ ಕೇಬಲ್ ತುಂಡಾಗಿತ್ತು. ಹೊಸದಕ್ಕೆ ಇಂಡೆಂಟ್ ಹೋಗಿದೆ ಎಂದು ನಮ್ಮ ಸರ್ ಹೇಳುತ್ತಿದ್ದರು. ಹೋದ ಇಂಡೆಂಟ್ ವಾಪಸ್ಸು ಬಂದದ್ದನ್ನು ನಾವು ಕಾಣಲಿಲ್ಲ.

ಸರ್ ಬಗ್ಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನನಗೆ ಕೆಲಸ ಕಲಿಸಿದವರು ಅವರು. ಉದ್ದದ ಸ್ಕ್ರೂ ಡ್ರೈವರಿನ ಮೊನೆಯನ್ನು ಎಂಜಿನ್ ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಯಾವ ಬೇರಿಂಗ್ ಬಡಿಯುತ್ತಿದೆ ಎಂದು ಹೇಳುತ್ತಿದ್ದರು. ಆಮೇಲೆ ನಮ್ಮ ಕೈಗೂ ಕೊಟ್ಟು, “ಕೇಳಿಸ್ತಾ?” ಅನ್ನುತ್ತಿದ್ದರು; ಕೇಳಿಸುವ ತನಕ ಬಿಡುತ್ತಿರಲಿಲ್ಲ. ವಾಲ್ವಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಎರಡು ಅಂಗೈ ನಡುವೆ ತಿರುಗಿಸಿ ತಿರುಗಿಸಿ ಕೂರಿಸಬೇಕು. ಕೊನೆಗೆ ಪೋರ್ಟಿಗೆ ಸೀಮೆಎಣ್ಣೆ ಹೊಯ್ದಾಗ ಒಂದು ಹನಿಯೂ ಜಿನುಗಬಾರದು. ಜಿನುಗಿದರೆ ಮತ್ತೆ ಮೊದಲಿನಿಂದ. ಅಂಬಾಸಡರಿಗೆ ಒಂದು–ಮೂರು–ನಾಲ್ಕು–ಎರಡು, ಟಾಟಾಗೆ ಒಂದು–ಐದು–ಮೂರು–ಆರು–ಎರಡು–ನಾಲ್ಕು: ಈ ಫೈರಿಂಗ್ ಆರ್ಡರುಗಳನ್ನು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆವು. ಇಂದಿಗೂ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಬಲ್ಲೆ.

ಇವೆಲ್ಲಕ್ಕಿಂತ ಮೊದಲು ಅವರು ಕಲಿಸಿದ್ದು ಕಲ್ಲಿನ ಪಾಠ. “ಗಾಡಿ ಕೆಳಗೆ ಹೋಗೋ ಮುಂಚೆ ಗಾಲಿ ನೋಡ್ರಲೇ, ಗಾಲಿಗೆ ಕಲ್ಲು ಐತಾ ನೋಡ್ರಿ” ಎಂದು ದಿನಾ ಹೇಳುವರು. ಹ್ಯಾಂಡ್ ಬ್ರೇಕ್ ಇಲ್ಲದ ಆ ಕಾರಿಗೆ ಕಲ್ಲೇ ಬ್ರೇಕು. ಹೆದ್ದಾರಿಯ ಪಕ್ಕದ ಜಲ್ಲಿ ರಾಶಿಯಿಂದ ಹೊಂದುವಂಥ ದಪ್ಪ ಕಲ್ಲುಗಳನ್ನು ಆರಿಸಿ ಹೊತ್ತು ತಂದವನು ನಾನು ಆಗಲೇ ಹೇಳಿದ ಆ ಬರಿಗಾಲಿನ ಹುಡುಗನೇ. ಅವನಪ್ಪ ಎತ್ತಿನ ಗಾಡಿಯಲ್ಲಿ ಮರಳು, ಇಟ್ಟಿಗೆ ಸಾಗಿಸುತ್ತಿದ್ದವರು. ಗಾಡಿ ನಿಲ್ಲಿಸಿದರೆ ಗಾಲಿಗೆ ಕಲ್ಲು ಕೊಡಬೇಕು ಎಂಬುದು ಅವನಿಗೆ ಐಟಿಐಗೆ ಬರುವ ಮೊದಲೇ ಗೊತ್ತಿತ್ತು. ಇದ್ದದ್ದು ಒಂದೇ ಜೊತೆ ಖಾಕಿ. ಶನಿವಾರ ರಾತ್ರಿ ಒಗೆದು ಸೋಮವಾರ ಹಾಕಿಕೊಳ್ಳುವನು. ಕಾಲಿಗೆ ಹವಾಯಿ ಚಪ್ಪಲಿ. ಆಯಿಲ್ ಬಿದ್ದ ಕಡೆ ಹವಾಯಿ ಜಾರುತ್ತದೆಂದು, ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿದ ಪಿಟ್‌ಗೆ ಇಳಿಯುವಾಗ ಅದನ್ನೂ ಮೇಲೆ ಬಿಟ್ಟು ಬರಿಗಾಲಲ್ಲಿ ಇಳಿಯುತ್ತಿದ್ದ.

ಪಿಟ್ಟಿನ ಪಕ್ಕ, ಹಿಂಬಾಗಿಲ ಹತ್ತಿರ, ಇಟ್ಟಿಗೆ ಜೋಡಿಸಿ ಮಾಡಿದ ಕಟ್ಟೆಯ ಮೇಲೆ 200 ಲೀಟರಿನ ಡ್ರಮ್ಮು ಇತ್ತು. ಮೇಲಿನ ತಗಡನ್ನು ಕತ್ತರಿಸಿ ತೆಗೆದು ಗೋಣಿಚೀಲ ಮುಚ್ಚಿದ್ದರು. ವರ್ಷಗಳಿಂದ ಎಂಜಿನ್ನಿಂದ, ಗೇರ್ ಬಾಕ್ಸಿನಿಂದ ಇಳಿಸಿದ ಸುಟ್ಟ ಆಯಿಲ್ ಎಲ್ಲ ಅದರೊಳಗೆ. ಬಾಯಿಯ ತನಕ ತುಂಬಿತ್ತು. ಅದನ್ನು ಕೇಳಿಕೊಂಡು ಬರುವವರಿಗೆ ಕೊರತೆಯಿರಲಿಲ್ಲ. ಗಾಡಿಯ ಅಚ್ಚಿಗೆ ಬೇಕೆಂದು ರೈತರು, ತೊಲೆ ಜಂತೆಗೆ ಗೆದ್ದಲು ಹತ್ತದಂತೆ ಬಳಿಯಲು ಮನೆ ಕಟ್ಟಿಸುವವರು, ಸೆಂಟ್ರಿಂಗ್ ಹಲಗೆಗೆ ಸವರಲು ಗಾರೆ ಕೆಲಸದವರು ಡಬ್ಬ ಹಿಡಿದು ಬರುತ್ತಿದ್ದರು. ಸರ್ ಕೈಮುಗಿದು ಕಳಿಸುತ್ತಿದ್ದರು. ಅದು ಸ್ಟಾಕ್ ರಿಜಿಸ್ಟರಿಗೆ ಏರಿದ ಮಾಲು; ಹರಾಜಾಗದೆ ಒಂದು ಡಬ್ಬ ಹೊರಗೆ ಹೋದರೆ ಆಡಿಟ್‌ನಲ್ಲಿ ಕುತ್ತು. ಹರಾಜು ಎಂದೂ ಆಗಲಿಲ್ಲ. ಹೀಗೆ ಹೊರಗೆ ಹೋಗಬೇಕಾದದ್ದು ಒಳಗೇ ಕೂತು ಬೆಳೆಯಿತು.

ಒಂದು ದಿನ ಮೇಲಿನ ಅಧಿಕಾರಿಯೊಬ್ಬರು ಭೇಟಿಗೆ ಬರುವವರಿದ್ದರು. ಬೆಳಗ್ಗೆಯಿಂದ ಸಡಗರ. ದಾರಿಯ ಎರಡೂ ಬದಿಗೆ ಸುಣ್ಣದ ಗೆರೆ, ಬಾಗಿಲಿಗೆ ಮಾವಿನ ತೋರಣ, ಹಿಂಬಾಗಿಲ ಮುಂದೂ ರಂಗೋಲಿ. ಸಾಹೇಬರ ಎದುರಿಗೆ ಅಂಬಾಸಡರ್ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಬೇಕೆಂದು ನಿಶ್ಚಯವಾಗಿತ್ತು. ಹಳೇ ಆಯಿಲ್ ಇಳಿಸಿ ಹೊಸದು ಹಾಕಲು ಸರ್ ಈ ಹುಡುಗನನ್ನು ಪಿಟ್‌ಗೆ ಇಳಿಸಿದರು. ಆ ವಾರ ನಮಗೆ ಪ್ರೊಪೆಲ್ಲರ್ ಶಾಫ್ಟಿನ ಪಾಠ ನಡೆದಿತ್ತು. ಕ್ರಾಸ್ ಬದಲಿಸಲೆಂದು ಶಾಫ್ಟ್ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೆವು. ಶಾಫ್ಟ್ ಇಲ್ಲದ ಕಾರನ್ನು ಗೇರಿಗೆ ಹಾಕಿದರೂ ಹಾಕದಿದ್ದರೂ ಒಂದೇ. ಗೇರಿಗೂ ಹಿಂದಿನ ಗಾಲಿಗೂ ಸಂಬಂಧವೇ ಇರುವುದಿಲ್ಲ. ಹ್ಯಾಂಡ್ ಬ್ರೇಕಂತೂ ಇರಲಿಲ್ಲ. ತೊಳೆದ ನೀರು ಹರಿದುಹೋಗಲೆಂದು ನೆಲ ಹಿಂಬಾಗಿಲ ಕಡೆಗೆ ಇಳಿಜಾರಾಗಿತ್ತು. ಕಾರನ್ನು ಹಿಡಿದಿದ್ದದ್ದು ಹಿಂದಿನ ಗಾಲಿಗಳಿಗೆ ಕೊಟ್ಟ ಆ ಕಲ್ಲುಗಳು ಮಾತ್ರ.

ಅವನು ಕೆಳಗೆ ಇಳಿದಾಗ ಕಲ್ಲುಗಳು ಇದ್ದವು. ಇಳಿಯುವ ಮುಂಚೆ ಬಗ್ಗಿ ನೋಡಿದ್ದನ್ನು ನಾನೇ ಕಂಡಿದ್ದೇನೆ. ಸರ್ ಆಫೀಸಿಗೆ ಹೋಗಿದ್ದ ಹೊತ್ತಿನಲ್ಲಿ ನಮ್ಮ ಐಟಿಐಯ ಮೇಲಿನವರೊಬ್ಬರು ಕೊನೆಯ ಸುತ್ತು ನೋಡಲು ಬಂದರು. “ಸಾಹೇಬ್ರು ಬರೋ ಜಾಗದಲ್ಲಿ ಇದೇನು ಕಲ್ಲು ಮಣ್ಣು? ತೆಗಿಸ್ರಿ” ಅಂದರು. ಅವರ ಹಿಂದೆ ಬಂದಿದ್ದ ಆಳು ಬುಟ್ಟಿ ತಂದು ಒಡೆದ ಇಟ್ಟಿಗೆ, ಕಬ್ಬಿಣದ ಚೂರು, ಕೊನೆಗೆ ಗಾಲಿಯ ಕಲ್ಲುಗಳನ್ನೂ ತುಂಬಿಕೊಂಡು ಕಾಂಪೌಂಡಿನ ಆಚೆ ಸುರಿಯಲು ಹೋದ. ನಾವೆಲ್ಲ ಮುಂಬಾಗಿಲ ಬಳಿ ಟ್ರೇ ಮುಂದಿಟ್ಟುಕೊಂಡು ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುತ್ತಿದ್ದೆವು. ಕಲ್ಲು ತೆಗೆದರೂ ಕಾರು ತಕ್ಷಣ ಕದಲಲಿಲ್ಲ. ಕೆಳಗಿದ್ದವನಿಗೆ ಕಾಣುತ್ತಿದ್ದುದು ಎಂಜಿನ್ನಿನ ಆಯಿಲ್ ಸಂಪು, ಅದರ ಡ್ರೈನ್ ಪ್ಲಗ್ಗು ಅಷ್ಟೇ. ಉರುಟಾದ ತಲೆಯ ಆ ಪ್ಲಗ್ಗು ಬಿಡುತ್ತಿರಲಿಲ್ಲ. ಸ್ಪ್ಯಾನರಿಗೆ ಪೈಪು ತೂರಿಸಿ ಹಿಂದಕ್ಕೆ ಜಗ್ಗಿದ. ಪ್ಲಗ್ಗು ಸಡಿಲಾಯಿತು, ಆ ಜಗ್ಗಿಗೆ ಕಾರೂ ಸಡಿಲಾಯಿತು.

ಗಾಲಿ ತಿರುಗಿದ್ದು ಕಂಡು ನಾವು ಕೂಗುವಷ್ಟರಲ್ಲಿ ಬಂಪರಿನ ಮೂಲೆ ಇಟ್ಟಿಗೆ ಕಟ್ಟೆಗೆ ಹೊಡೆಯಿತು. ಡ್ರಮ್ಮು ಪಿಟ್ಟಿನ ಕಡೆಗೇ ವಾಲಿ ಬಿತ್ತು. ಮೇಲೆ ತಗಡಿರಲಿಲ್ಲವಾದ್ದರಿಂದ ಅಷ್ಟೂ ಒಮ್ಮೆಗೇ ಬಂತು. ಕಪ್ಪು, ದಪ್ಪ, ವರ್ಷಗಟ್ಟಲೆ ಕೊಳೆತ ವಾಸನೆ. ಅರ್ಧ ಅವನ ಮೇಲೆ ಸುರಿಯಿತು, ಉಳಿದದ್ದು ನೆಲದ ಇಳಿಜಾರು ಹಿಡಿದು ಬಾಗಿಲು ದಾಟಿ ರಂಗೋಲಿ ಅಳಿಸಿ ಅಂಗಳಕ್ಕೆ ಹೋಯಿತು. ಬಿದ್ದ ಡ್ರಮ್ಮಿಗೇ ಗಾಲಿ ತಡೆದು ಕಾರು ನಿಂತಿತು. ನಿಲ್ಲದೆ ಹೋಗಿದ್ದರೆ ಇನ್ನೇನಾಗುತ್ತಿತ್ತೋ, ಆ ಮಾತು ಇಂದಿಗೂ ನನ್ನ ಬಾಯಿಗೆ ಬರುವುದಿಲ್ಲ.

ಅವನು ಕಣ್ಣು ಮುಚ್ಚಿಕೊಂಡು ಗೋಡೆ ತಡಕುತ್ತಿದ್ದ. ಪಾದ ಮುಳುಗುವಷ್ಟು ಆಯಿಲ್. ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುವನು. ಕೈ ಕೊಟ್ಟು ಎಳೆದರೆ ಕೈಯೇ ನುಣುಚಿ ಹೋಗುತ್ತಿತ್ತು. ಕೊನೆಗೆ ಡ್ರಮ್ಮಿಗೆ ಮುಚ್ಚಿದ್ದ ಗೋಣಿಚೀಲವನ್ನೇ ಅವನ ಎರಡೂ ಮುಂಗೈಗೆ ಸುತ್ತಿ, ನಾಲ್ಕು ಜನ ಹಿಡಿದು ಮೇಲೆ ಎಳೆದೆವು. ಕಾರ್ಪೆಂಟರ್ ಸೆಕ್ಷನ್ನಿನ ಹುಡುಗರು ಹೇಳಿ ಕಳಿಸದೆಯೇ ಬುಟ್ಟಿ ಬುಟ್ಟಿ ಗರಗಸದ ಹೊಟ್ಟು ಹೊತ್ತು ತಂದು ಸುರಿದರು. ಆ ಟ್ರೇಡು ಈ ಟ್ರೇಡು ಎಂದು ದಿನಾ ಜಗಳ ಆಡುತ್ತಿದ್ದ ನಾವು ಅಂದು ಮಂಡಿಯೂರಿ ಒಟ್ಟಿಗೆ ಆ ಹೊಟ್ಟನ್ನು ಬಳಿದು ತೆಗೆದೆವು.

ಯಾರೋ ಅವನ ಮೈಗೆ ಸೀಮೆಎಣ್ಣೆ ಹಚ್ಚಲು ಹೊರಟರು. ಅಷ್ಟರಲ್ಲಿ ಓಡಿ ಬಂದ ಸರ್ ತಡೆದು, ಕಾಂಪೌಂಡಿನೊಳಗೇ ಇದ್ದ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದರು. ಅಮ್ಮ, ಸರ್ ಹೆಂಡತಿಯನ್ನು ನಾವು ಹಾಗೇ ಕರೆಯುತ್ತಿದ್ದೆವು, ಅವನನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಮೊದಲು ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿದರು. ಎಣ್ಣೆಗೆ ಎಣ್ಣೆಯೇ ಬಿಡುತ್ತೆ ಅಂದರು. ಆಮೇಲೆ ಕಡಲೆಹಿಟ್ಟು, ಸೀಗೆಪುಡಿ, ಹಂಡೆಯ ಬಿಸಿನೀರು. ಕಣ್ಣಿಗೆ ತಣ್ಣೀರು ಎರಚಿ ಎರಚಿ ತೊಳೆದರು. ತಮ್ಮ ಮನೆಯ ಮಗುವಿಗೆ ಎರೆಯುವ ಹಾಗೆಯೇ ತಲೆ ಎತ್ತಿ ಹಿಡಿದು ಎರೆದರು. ಸರ್ ಅವರ ಪಂಚೆ, ಅಂಗಿ ಉಡಿಸಿ ಉಪ್ಪಿಟ್ಟು ತಿನ್ನಿಸಿ ಕಳಿಸಿದರು. ಆ ತಾಯಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮಧ್ಯಾಹ್ನ ಅಧಿಕಾರಿ ಬಂದರು. ವಾಸನೆ ಬಾಗಿಲಲ್ಲೇ ಹೊಡೆಯಿತು. ಏನಾಯಿತೆಂದು ಕೇಳಿದಾಗ, ಕಲ್ಲು ತೆಗೆಸಿದವರೇ ಮುಂದೆ ಬಂದು, “ಹುಡುಗನ ಅಜಾಗರೂಕತೆ ಸಾರ್” ಅಂದರು. ರಿಪೋರ್ಟಿನಲ್ಲೂ ಅದೇ ಮಾತು ಬರೆದರು. ಸ್ಟಾಕಿನ ಆಯಿಲ್ ಹಾಳಾದ ಬಾಬ್ತು ಅವನ ಕಾಷನ್ ಡೆಪಾಸಿಟ್ಟಿನಿಂದ ಮುರಿದುಕೊಳ್ಳುವುದೆಂದು ಆದೇಶವಾಯಿತು. ನಾವು ಕೆಲವರು ಹೋಗಿ ಕಲ್ಲಿನ ವಿಷಯ ಹೇಳಿದೆವು. ಕ್ಲಾಸಿಗೆ ಹೋಗಿ ಅಂದರು. ಸರ್ ಅಲ್ಲೇ ನಿಂತಿದ್ದರು. ಮಾತಾಡಲಿಲ್ಲ.

ಆ ಹುಡುಗ ಮುಂದಿನ ವಾರ ಬಂದ, ಆಮೇಲೆ ಬರಲಿಲ್ಲ. ಮೈಯಲ್ಲಿ ತುರಿ ಎದ್ದಿತ್ತು ಎಂದು ಅವನೂರಿನವರು ಹೇಳಿದರು. ಖಾಕಿ ಬಟ್ಟೆಯ ಕಲೆ ಒಗೆದರೂ ಹೋಗಲಿಲ್ಲವಂತೆ. ಇನ್ನೊಂದು ಜೊತೆ ಹೊಲಿಸುವುದು ಅವನಪ್ಪನ ಕೈಯಲ್ಲಿ ಆಗುವ ಮಾತಾಗಿರಲಿಲ್ಲ. ಅಖಿಲ ಭಾರತ ವೃತ್ತಿ ಪರೀಕ್ಷೆಯ ಹಾಲಿನಲ್ಲಿ ಅವನ ನಂಬರು ಇರಲಿಲ್ಲ.

ಪಾಸಾದ ನಾನು ಅಪ್ರೆಂಟಿಸ್ ಆಗಿ ಬಸ್ ಡಿಪೊ ಸೇರಿ, ಅಲ್ಲೇ ಖಾಯಂ ಆಗಿ, ಕೊನೆಗೆ ಒಂದು ಪಾಳಿಯ ಮೇಲ್ವಿಚಾರಣೆ ನೋಡುವ ತನಕ ಬಂದೆ. ಅಪಘಾತವಾದರೆ ವರದಿ ಬರೆಯುವುದು ನನ್ನ ಪಾಲಿಗೆ ಬಂತು. ಅದರಲ್ಲಿ ‘ಕಾರಣ’ ಎಂದೊಂದು ಕಾಲಂ. ಬಸ್ಸಿನ ಕೆಳಗೆ ಯಾರಿದ್ದರು ಎಂದು ಮೊದಲು ಕೇಳಿದರೆ ಆ ಕಾಲಂ ಬಲು ಬೇಗ ತುಂಬುತ್ತದೆ. ಬಸ್ಸನ್ನು ಏನು ಹಿಡಿದಿತ್ತು, ಹಿಡಿದದ್ದನ್ನು ಯಾರು ತೆಗೆದರು ಎಂದು ಕೇಳಿದರೆ ತಡವಾಗುತ್ತದೆ, ಮೇಲಿನವರ ಮುಖ ಕೆಡುತ್ತದೆ. ನಾನು ಎರಡನೇ ಪ್ರಶ್ನೆಯನ್ನೇ ಮೊದಲು ಕೇಳುತ್ತಾ ಬಂದೆ. ಅದನ್ನು ನನಗೆ ಕಲಿಸಿದ್ದು ಆ ಪಿಟ್ಟು.

ಸರ್ ಮೌನದ ಬಗ್ಗೆ ನನ್ನ ಅಭಿಪ್ರಾಯ ಕಾಲಕಾಲಕ್ಕೆ ಬದಲಾಗಿದೆ. ಹದಿನೆಂಟರಲ್ಲಿ ಬರೀ ಸಿಟ್ಟು. ಅವರ ಕೆಲಸ ಆಗ ಇನ್ನೂ ಖಾಯಂ ಆಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾನೇ ಸಂಸಾರಸ್ಥನಾದ ಮೇಲೆ ಆ ಭಯದ ತೂಕ ತಿಳಿಯಿತು. ಹ್ಯಾಂಡ್ ಬ್ರೇಕಿನ ಕೇಬಲ್‌ಗೆ ಬರೆದ ಇಂಡೆಂಟಿನ ನಕಲು ಅವರ ಬಳಿಯೇ ಇದ್ದಿರಬೇಕು. ಅದನ್ನು ಮುಂದಿಟ್ಟಿದ್ದರೆ ಹುಡುಗ ಉಳಿಯುತ್ತಿದ್ದ. ಇಷ್ಟು ವರ್ಷ ತೂಗಿ ನೋಡಿದ ಮೇಲೂ ನನಗೆ ಅನಿಸುವುದು ಇದೇ: ಅವರು ಮಾತಾಡಬೇಕಿತ್ತು. ಅವರ ಮೇಲಿನ ನನ್ನ ಪ್ರೀತಿಯೂ ಇದರಿಂದ ಕಡಿಮೆಯಾಗಿಲ್ಲ. ಅವರು ತೀರಿಕೊಂಡಾಗ ಹೋಗಿ ಹೆಗಲು ಕೊಟ್ಟು ಬಂದಿದ್ದೇನೆ.

ಹುಡುಗ ಸಿಕ್ಕಿದ್ದು ಬಹಳ ವರ್ಷದ ಮೇಲೆ, ಅದೇ ಹೆದ್ದಾರಿಯ ಮೇಲಿನ ಒಂದು ಲಾರಿ ಗ್ಯಾರೇಜಿನಲ್ಲಿ. ಅಷ್ಟು ಹೊತ್ತಿಗೆ ಅವನು ಮೇಸ್ತ್ರಿ. ಸುತ್ತ ನಾಲ್ಕೈದು ಹುಡುಗರು. ಲಾರಿ ಬರುವ ಸದ್ದಿನಲ್ಲೇ ಯಾವ ಇಂಜೆಕ್ಟರ್ ಕೆಟ್ಟಿದೆ ಎಂದು ಹೇಳುವಷ್ಟು ಕಿವಿ ಪಳಗಿತ್ತು. ಟೀ ಕುಡಿಯುತ್ತಾ ಆ ದಿನದ ಮಾತು ತೆಗೆದೆ. ಲೋಟ ಕೆಳಗಿಟ್ಟು, “ಕಲ್ಲು ಇತ್ತು. ನಾನು ನೋಡೇ ಇಳಿದಿದ್ದೆ. ಒಬ್ರೂ ನನ್ನ ಕೇಳ್ಲಿಲ್ಲ ನೋಡು” ಅಂದ. ಅಷ್ಟೇ ಹೇಳಿ ಮತ್ತೆ ಕೆಲಸಕ್ಕೆ ಎದ್ದ.

ನಮ್ಮ ಬ್ಯಾಚಿನವರು ಸೇರಿದಾಗ ಅವನ ಮಾತು ಬಂದರೆ, ಸರ್ಟಿಫಿಕೇಟ್ ಇಲ್ಲದೆಯೂ ಎಷ್ಟು ಮೇಲೆ ಬಂದ ನೋಡು ಅನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮೆಲ್ಲರಿಗಿಂತ ಒಳ್ಳೆಯ ಕೈ ಅವನದು. ಆ ಒಂದು ಕಾಗದ ಇದ್ದಿದ್ದರೆ ಡಿಪೊದಲ್ಲಿ ನನ್ನ ಪಕ್ಕದಲ್ಲೇ ಅವನೂ ಇರುತ್ತಿದ್ದ. ಪಿಎಫ್, ರಜೆ, ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು, ಎಲ್ಲವೂ ಇರುತ್ತಿತ್ತು. ಅವನಿಗೆ ಇದ್ಯಾವುದೂ ಸಿಗಲಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲಂತೂ ಹೊಸ ಲಾರಿಗಳು ಸೆನ್ಸರುಗಳ ಮೇಲೇ ನಡೆಯುತ್ತವೆ. ಸ್ಕ್ಯಾನರ್ ಇಲ್ಲದೆ ದೋಷ ಹಿಡಿಯಲಾಗದು. ಕಿವಿಯಿಂದ ಎಂಜಿನ್ ಓದುವ ಅವನ ಬಳಿಗೆ ಈಗ ಹಳೆಯ ಲಾರಿಗಳಷ್ಟೇ ಬರುತ್ತವೆ. ಒಂದು ಸುಳ್ಳು ವರದಿ ಒಬ್ಬ ಮನುಷ್ಯನ ಇಡೀ ದುಡಿಮೆಯ ಕಾಲವನ್ನು ಹೀಗೆ ಬೇರೆ ದಾರಿಗೆ ತಿರುಗಿಸಿಬಿಟ್ಟಿತು.

ಆಯಿಲ್ ಬಗ್ಗೆಯೂ ಆಗ ನಮಗೆ ಏನೂ ತಿಳಿದಿರಲಿಲ್ಲ. ಬಳಸಿ ಬಿಟ್ಟ ಎಂಜಿನ್ ಆಯಿಲ್‌ನಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಅಂಶಗಳು ಸೇರಿರುತ್ತವೆ, ಪದೇ ಪದೇ ಚರ್ಮಕ್ಕೆ ತಗುಲಬಾರದು ಎಂದು ಈಗ ಎಲ್ಲ ಕಡೆ ಹೇಳುತ್ತಾರೆ. ನಮ್ಮ ದೇಶದಲ್ಲಿ ಅಪಾಯಕಾರಿ ತ್ಯಾಜ್ಯಕ್ಕೆಂದು ನಿಯಮ ಬಂದದ್ದು 1989ರಲ್ಲಿ. ಈಗ ಅಂಥ ಆಯಿಲನ್ನು ನೋಂದಾಯಿತ ಮರುಬಳಕೆ ಘಟಕಕ್ಕೇ ಕೊಡಬೇಕು. ನಾವು ಮೊಣಕೈ ತನಕ ಅದರಲ್ಲಿ ಅದ್ದಿ, ಸೀಮೆಎಣ್ಣೆಯಲ್ಲಿ ಕೈ ತೊಳೆದು, ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ಉಂಡವರು. ಹಾಗೆ ಮಾಡಿದರೇನೇ ಕೆಲಸ ಬರುವುದು ಎಂದು ಈಗಲೂ ಹೇಳುವ ಹಳಬರಿದ್ದಾರೆ. ಆ ಮಾತನ್ನು ದಯವಿಟ್ಟು ನಂಬಬೇಡಿ. ಕೆಲಸ ಬಂದದ್ದು ಸರ್ ಕಲಿಸಿದ್ದರಿಂದ, ಕೊಳಕಿನಿಂದಲ್ಲ.

ಮೊಮ್ಮಗಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ತಮ್ಮಲ್ಲಿ ಬ್ಯಾಟರಿ ಕೆಲಸಕ್ಕೆ ಮುಂಚೆ ಸಂಪರ್ಕ ತಪ್ಪಿಸಿ, ಯಾರೂ ಮತ್ತೆ ಹಾಕದಂತೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳುತ್ತಾರೆ ಎಂದಳು. ನಮ್ಮ ಕಲ್ಲುಗಳಿಗೆ ಅಂಥದ್ದೊಂದು ಬೀಗ ಇರಲಿಲ್ಲ.

ಎಲ್ಲ ಐಟಿಐಗಳಿಗೂ ಆ ಹೊಳೆಯುವ ನೆಲ ಬಂದಿಲ್ಲ. ಕಂಡೆಮ್ ಆದ ಗಾಡಿಯಲ್ಲೇ ಕಲಿಯುವ ಮಕ್ಕಳು ಈಗಲೂ ಇದ್ದಾರೆ. ಅಲ್ಲಿಗೆ ಅತಿಥಿಯಾಗಿ, ಅಧಿಕಾರಿಯಾಗಿ, ಊರಿನ ಹಿರಿಯರಾಗಿ ಹೋಗುವವರಲ್ಲಿ ನನ್ನದೊಂದು ಬೇಡಿಕೆ. ನಿಮಗಾಗಿ ನೆಲ ಸ್ವಚ್ಛ ಮಾಡಿಸಬೇಡಿ, ರಂಗೋಲಿ ಹಾಕಿಸಬೇಡಿ. ಹೋದ ಕೂಡಲೇ ಗಾಡಿಯ ಹ್ಯಾಂಡ್ ಬ್ರೇಕ್ ಎಳೆದು ನೋಡಿ, ಮಕ್ಕಳ ಕಾಲಲ್ಲಿ ಬೂಟು ಇದೆಯೇ ನೋಡಿ, ಬಾಕಿ ಉಳಿದ ಇಂಡೆಂಟುಗಳನ್ನು ತರಿಸಿ ಅಲ್ಲೇ ಸಹಿ ಹಾಕಿ. ಗಾಲಿಯ ಕೆಳಗೆ ಕಲ್ಲು ಕಂಡರೆ ಅದನ್ನು ಮುಟ್ಟಬೇಡಿ.